ಕಾರ್ಯದರ್ಶಿಯ ವರದಿ

ಮಾನ್ಯ ಸದಸ್ಯರೇ,
ಹಾಜರಿ ಹದಿನಾಲ್ಕು. ಅದರಲ್ಲಿ ಒಂಬತ್ತು ಮಂದಿಗೆ
ಮತ ಹಾಕುವ ವಯಸ್ಸಾಗಿಲ್ಲ.
ಕೋರಂ ಆಯಿತೆಂದೇ ತಿಳಿಯುತ್ತೇನೆ.

ನಮ್ಮ ಕ್ಲಬ್ಬು ಹುಟ್ಟಿದ್ದು ಬೈತಖೋಲದ ಐಸ್ ಫ್ಯಾಕ್ಟರಿಯ ಅಟ್ಟದಲ್ಲಿ.
ಕೆಳಗೆ ಮಂಜುಗಡ್ಡೆ ಪುಡಿಮಾಡುವ ಯಂತ್ರ ಶುರುವಾದರೆ
ಮೇಲೆ ಕಾಲಾಳುಗಳು ತಾವಾಗಿಯೇ ಅರ್ಧ ಮನೆ ಸರಿಯುತ್ತಿದ್ದವು.
ಆ ಕಾಲದ ಫಲಿತಾಂಶಗಳನ್ನು ಯಾರೂ ಪ್ರಶ್ನಿಸಬಾರದೆಂದು
ಆಗಲೇ ಠರಾವು ಆಗಿದೆ.

ಅಲ್ಲಿಂದ ಬೇಕರಿಯ ಮಾಳಿಗೆಗೆ. ಬಾಡಿಗೆ ಕಡಿಮೆ, ಇರುವೆ ಜಾಸ್ತಿ.
ಬಿಳಿ ಆನೆಯೊಂದು ಕಳೆದಾಗ ತಾಂಡೇಲರು
ಔಟ್‌ಬೋರ್ಡ್ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ತಂದು ಮೂಲೆಯಲ್ಲಿ ನಿಲ್ಲಿಸಿದರು.
ಇವತ್ತಿಗೂ ಅದೇ ಇದೆ. ಎಲ್ಲ ಊರಲ್ಲೂ ಆನೆ ಹೀಗೇ ಇರುತ್ತದೆಂದು
ಹೊಸ ಮಕ್ಕಳು ನಂಬಿವೆ.

ಎರಡು ಸಾವಿರದ ಹನ್ನೊಂದರ ಖರ್ಚು:
ಮೇಣದಬತ್ತಿ ನಾಲ್ಕು, ಲಕೋಟೆ ಒಂದು, ಗೋಂದಿನ ಬಾಟಲಿ ಒಂದು.
ಗೋಂದು ಯಾತಕ್ಕೆಂದು ಲೆಕ್ಕ ನೋಡುವವರು ಕೇಳಿದ್ದರು.
ನೋಟಿಸು ಅಂಟಿಸಲಿಕ್ಕೆ ಎಂದಿದ್ದೆ.

ಆ ವರ್ಷದ ಫೈನಲ್ಲು ಹಿರಿಯರಿಗೆ ಗೊತ್ತು.
ಇನಾಸ ಮಾಸ್ತರರದು ಬಿಳಿ, ದತ್ತಾರಾಮ ತಾಂಡೇಲರದು ಕರಿ.
ಮೂವತ್ತೊಂದನೆಯ ನಡೆ. ಮಾಸ್ತರರ ಕೈ
ಕುದುರೆಯ ಮೇಲೆ ಹೋಯಿತು,
ಅಥವಾ ಕುದುರೆಯ ಮೇಲಿಂದ ಹೋಯಿತು.
“ಹಾತ್ ಲಾಯ್ಲೊ” ಎಂದರು ತಾಂಡೇಲರು. ಮುಟ್ಟಿದ ಕಾಯಿ ನಡೆಸಬೇಕು.
“ಇರುವೆ ಕೊಡವಿದೆ” ಎಂದರು ಮಾಸ್ತರರು.
ಅಷ್ಟರಲ್ಲಿ, ಪಕ್ಕದಲ್ಲೇ ಕೈಗಾ ಇಟ್ಟುಕೊಂಡೂ, ಕರೆಂಟು ಹೋಯಿತು.

ಆಟ ನಿಲ್ಲಿಸಿದೆವು. ಮಾಸ್ತರರು ಮೇಣದ ಬೆಳಕಿನಲ್ಲಿ
ತಮ್ಮ ನಡೆ ಬರೆದು ಲಕೋಟೆಯಲ್ಲಿಟ್ಟು
ನಾಲಿಗೆಯಿಂದ ಅಂಟಿಸಿ ನನ್ನ ಕೈಗೆ ಕೊಟ್ಟರು.
ಮರುದಿನ ತಾಂಡೇಲರು ಬರಲಿಲ್ಲ. ಅದರ ಮರುದಿನ ಬಂದರು,
ನಾಲ್ಕು ಗಡಿಯಾರದಲ್ಲಿ ತಾವು ಕೊಡಿಸಿದ ಎರಡನ್ನು
ಟವೆಲಿನಲ್ಲಿ ಕಟ್ಟಿಕೊಂಡು ಕಾಳಿ ದಾಟಿ ಹೋದರು.
ಸದಾಶಿವಗಡದಲ್ಲಿ ಹೊಸ ಕ್ಲಬ್ಬು. ಸದಸ್ಯರು ಮೂವರು,
ಒಬ್ಬ ಅವರ ಅಳಿಯ.

ನಡುವಿನ ವರ್ಷಗಳ ನಡಾವಳಿ ಪುಸ್ತಕ ಗೆದ್ದಲು ತಿಂದಿದೆ.

ಕೊರೋನಾದ ಎರಡನೇ ಅಲೆಯಲ್ಲಿ ಮಾಸ್ತರರು ಹೋದರು.
ಹೊರಲು ಯಾರನ್ನೂ ಬಿಡಲಿಲ್ಲ. ಇಗರ್ಜಿಯ ಗಂಟೆ ಕೇಳಿ
ಬೇಕರಿಯವನು ಅರ್ಧ ಬಾಗಿಲು ಹಾಕಿದ, ಅಷ್ಟೆ.

ಹಳೆಯ ಸೇತುವೆ ಬಿದ್ದ ಬೆಳಿಗ್ಗೆ ತಾಂಡೇಲರ ಫೋನು,
ಹದಿಮೂರು ವರ್ಷದ ಮೇಲೆ:
“ಆಚೆ ದಂಡೆಯಲ್ಲಿ ಎಲ್ಲ ಇದ್ದೀರಲ್ಲ?”
ಎಣಿಸಿ ನೋಡಿದೆ. ಇದ್ದೆವು, ಒಬ್ಬರು ಬಿಟ್ಟು.
ಬಸ್ಸು ಮತ್ತೆ ಬಿಟ್ಟ ವಾರ ಬಂದರು. ಗಡಿಯಾರ ಎರಡೂ ತಂದಿದ್ದರು.
ಒಂದು ನಡೆಯುತ್ತದೆ.

ಈಗಿನದು ಕೋಡಿಬಾಗದ ಶಾಲೆಯ ಕೋಣೆ.
ಬೆಂಚು ಆರು, ಫ್ಯಾನು ಒಂದು, ಬುಧವಾರ ಮತ್ತು ಭಾನುವಾರ.

ಮುಂದಿನ ವಿಷಯ ಕಾರ್ಯಸೂಚಿಯಲ್ಲಿಲ್ಲ.
ಆ ಲಕೋಟೆಯನ್ನು ಮೊದಲ ವಾರವೇ ಬಿಚ್ಚಿದ್ದೆ.
ಚಹಾದ ಪಾತ್ರೆಯ ಹಬೆಗೆ ಹಿಡಿದು. ಗೋಂದು ಅದಕ್ಕೆ.
ಒಳಗೆ ಬರೆದದ್ದು ಕುದುರೆ.

ಹೇಳಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು.
ಹೇಳಬೇಕಾದರೆ ಬಿಚ್ಚಿದೆ ಎಂದೂ ಹೇಳಬೇಕಿತ್ತು,
ಮತ್ತು ನಿಯಮದ ಪುಸ್ತಕ ಬಾಯಿಪಾಠ ಇದ್ದದ್ದು
ಊರಲ್ಲಿ ನನಗೊಬ್ಬನಿಗೆ.

ಹೋದ ಭಾನುವಾರ, ಹರಿಕಂತ್ರರ ರೇಷ್ಮಾ, ಏಳನೇ ಇಯತ್ತೆ,
ನನ್ನ ಹಳೆ ವಹಿ ನೋಡಿ ಆ ಆಟ ಜೋಡಿಸಿದಳು.
ಲಕೋಟೆಯ ಸುದ್ದಿ ಅವಳಿಗೆ ಗೊತ್ತಿಲ್ಲ.
ಕೈಯಲ್ಲಿದ್ದ ಐಸ್‌ಕ್ಯಾಂಡಿ ಮೊಣಕೈವರೆಗೆ ಇಳಿಯುವ ತನಕ ಕೂತಳು.
ಕುದುರೆ ಎತ್ತಿದಳು.
“ಇದೊಂದೇ ಸರ್. ಬೇರೆ ಯಾವುದಾಡಿದರೂ ಸೋಲು.”

ಹಾಗಾದರೆ ಮುಟ್ಟಿದ್ದರೋ, ಇರುವೆಯೋ?
ವರದಿಯಲ್ಲಿ ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.

ಲಕೋಟೆ ಮೇಜಿನ ಮೇಲಿದೆ, ತಾಂಡೇಲರೇ.
ಮೊದಲ ಸಾಲಿನಲ್ಲಿದ್ದೀರಿ, ಕನ್ನಡಕವೂ ತಂದಿದ್ದೀರಿ.
ಕರಿಯ ಮೂವತ್ತೊಂದನೆಯ ನಡೆ ನಿಮ್ಮದು.
ನಡೆಯುವ ಗಡಿಯಾರವನ್ನೇ ಒತ್ತಿದ್ದೇನೆ.